ಹೊಸಪೇಟೆ ಹುಡುಗನ ಜೊತೆ ಡೆತ್ ವ್ಯಾಲಿ ಸುತ್ತಿದ್ದು

ಏಪ್ರಿಲ್ ರಜೆಗೆ ಅಕ್ಕನ ಮಗ ಹೊಸಪೇಟೆಯಿಂದ ಕ್ಯಾಲಿಫೋರ್ನಿಯಾಗೆ, ನಾನಿರುವ ಸ್ಯಾನ್ ಡಿಯೇಗೋಗೆ ಬಂದಾಗ ಎಲ್ಲರೂ ಕೇಳಿದ್ದು ಡಿಸ್ನಿಲ್ಯಾಂಡ್ ಯಾವಾಗ ಅಂತ. ಅದೂ ಆಯಿತು. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ, ಸಾಲಲ್ಲಿ ನಿಂತೆವು, ಬಂದೆವು. ಆಮೇಲೆ ಅವನನ್ನು ಕೂರಿಸಿಕೊಂಡು ಜೋಶುವಾ ಟ್ರೀ, ಮೊಹಾವಿ, ಡೆತ್ ವ್ಯಾಲಿ ಅನ್ನುವ ಮರುಭೂಮಿ ಪಾರ್ಕುಗಳನ್ನು ಸುತ್ತಿದೆನಲ್ಲ, ಅದನ್ನು ಬರೆಯಬೇಕು. ಹತ್ತು ವರ್ಷದ ಮಗುವನ್ನು ಮರುಭೂಮಿಗೆ ಕರೆದುಕೊಂಡು ಹೋಗಬಹುದಾ ಅಂತ ಇಲ್ಲಿನ ಕನ್ನಡ ಗೆಳೆಯರು ಈಗಲೂ ಕೇಳುತ್ತಾರೆ.

ಅಕ್ಕನಿಗೆ ಈ ಯೋಚನೆ ಹಿಡಿಸಲಿಲ್ಲ. "ಬಿಸಿಲು ನೋಡೋಕೆ ಅಮೆರಿಕಕ್ಕೆ ಹೋಗಬೇಕಾ? ಇಲ್ಲಿ ಬಾಗಿಲು ತೆಗೆದ್ರೆ ಸಾಕು" ಅಂದಳು. ಅಮ್ಮನದು ಬೇರೆ ತಕರಾರು. ಆಕಾಶ ಕಪ್ಪಾಗಿರಲಿ, ನಕ್ಷತ್ರ ಚೆನ್ನಾಗಿ ಕಾಣಲಿ ಅಂತ ನಾನು ಅಮಾವಾಸ್ಯೆ ಆಸುಪಾಸಿನ ದಿನಗಳನ್ನು ಹುಡುಕಿ ರೂಮ್ ಬುಕ್ ಮಾಡಿದ್ದೆ. ಕ್ಯಾಲೆಂಡರ್ ನೋಡಿ ಬೇಕಂತಲೇ ಅಮಾವಾಸ್ಯೆಗೆ ಪ್ರಯಾಣ ಹೊರಡುವವನು ನಮ್ಮ ಮನೆತನದಲ್ಲೇ ನಾನೊಬ್ಬ ಅಂತ ಅಮ್ಮ ಬೈದರು.

ನನಗೆ ಮೊದಲಿಂದ ಒಂದು ನಂಬಿಕೆ ಇತ್ತು, ಈ ಪ್ರವಾಸದಲ್ಲಿ ಅದು ಇನ್ನೂ ಗಟ್ಟಿಯಾಯಿತು. ದೊಡ್ಡ ದೊಡ್ಡ ವ್ಯೂ ಪಾಯಿಂಟ್‌ಗಳೆಲ್ಲ ನಮ್ಮಂಥ ವಯಸ್ಸಾದವರಿಗೆ. ಜೋಶುವಾ ಟ್ರೀಯ ಕೀಸ್ ವ್ಯೂನಲ್ಲಿ ನಿಂತರೆ ಕೆಳಗೆ ಕೋಚೆಲಾ ಕಣಿವೆ, ಸಾಲ್ಟನ್ ಸರೋವರ, ಭೂಕಂಪಕ್ಕೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ನೆಲಬಿರುಕು ಎಲ್ಲ ಕಾಣುತ್ತದೆ, ನಾನು ಬಾಯಿ ಬಿಟ್ಟು ನೋಡುತ್ತಿದ್ದೆ, ಅವನು ಒಂದು ಸಲ ಕಣ್ಣಾಡಿಸಿ "ಚಿಪ್ಸ್ ಇದೆಯಾ ಮಾಮಾ" ಅಂದ. ಅದೇ ಹುಡುಗ ಕಾರಿನ ಪಕ್ಕ ಒಂದು ಓತಿಕ್ಯಾತ ಕಲ್ಲಿನ ಮೇಲೆ ದಂಡ ಹೊಡೆಯುತ್ತಿದ್ದುದನ್ನು ಎಷ್ಟು ಕರೆದರೂ ಬಿಡದೆ ನೋಡುತ್ತ ಕೂತ. ಮಕ್ಕಳಿಗೆ ಮರುಭೂಮಿ ಇರುವುದು ಮೊಣಕಾಲಿನಿಂದ ಕೆಳಗೆ. ಇದನ್ನು ಒಪ್ಪಿಕೊಂಡು ಪ್ಲಾನ್ ಮಾಡಿದರೆ ಅರ್ಧ ಜಗಳ ತಪ್ಪುತ್ತದೆ.

ಮೊದಲು ನೀರಿನ ವಿಷಯ ಹೇಳಿಬಿಡುತ್ತೇನೆ. ಹೊಸಪೇಟೆ ಹುಡುಗನಿಗೆ 36 ಡಿಗ್ರಿ ಅಂದರೆ ತಮಾಷೆ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ ಇಳಿದವನೇ "ಇಷ್ಟೇನಾ?" ಅಂದ. ಅಪಾಯ ಇರುವುದು ಅಲ್ಲೇ. ನಮ್ಮೂರಲ್ಲಿ ಬೆವರು ಅಂಗಿಗೆ ಅಂಟಿಕೊಳ್ಳುತ್ತದೆ, ಒದ್ದೆ ಆಗುತ್ತದೆ, ಸಾಕಪ್ಪಾ ಅನ್ನಿಸಿ ನೆರಳಿಗೆ ಹೋಗುತ್ತೇವೆ. ಅಲ್ಲಿ ಗಾಳಿ ಎಷ್ಟು ಒಣ ಅಂದರೆ ಬೆವರು ಬಂದ ಕ್ಷಣಕ್ಕೇ ಆರಿಹೋಗುತ್ತದೆ. ಅಂಗಿ ಒದ್ದೆಯೇ ಆಗಲ್ಲ. ಬೆವರುತ್ತಿದ್ದೇನೆ ಅಂತ ಗೊತ್ತೂ ಆಗಲ್ಲ, ಕೆನ್ನೆ ಮೇಲೆ ಬಿಳಿ ಉಪ್ಪು ಮಾತ್ರ ಉಳಿಯುತ್ತದೆ. ಹಾಗಾಗಿ ಬಾಯಾರಿಕೆ ಆದಾಗ ಕುಡಿ ಅನ್ನುವ ಮಾತನ್ನೇ ನಾನು ಬಿಟ್ಟೆ. ಪ್ರತಿ ಸಲ ಕಾರು ಹತ್ತುವಾಗ, ಇಳಿಯುವಾಗ ಕುಡಿಯಬೇಕು, ಅಷ್ಟೇ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಹತ್ತಿರ ಹತ್ತಿರ ನಾಲ್ಕು ಲೀಟರ್ ಲೆಕ್ಕ. ಅದರ ಮೇಲೆ ಡಿಕ್ಕಿಯಲ್ಲಿ ಎರಡು ಕ್ಯಾನ್ ಇಟ್ಟಿದ್ದೆ. ಊರಿಂದ ಬಂದಿದ್ದ ಓಆರ್‌ಎಸ್ ಪೊಟ್ಟಣಗಳು ಚೆನ್ನಾಗಿ ಖರ್ಚಾದವು. ಮೂಗಿನೊಳಗೆ ಒಣಗಿ ಉರಿಯುತ್ತದೆ, ಅದಕ್ಕೆ ಅಕ್ಕನ ಸೂಟ್‌ಕೇಸಿನ ಕೊಬ್ಬರಿ ಎಣ್ಣೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಊಟಕ್ಕೆ ಮಂಡಕ್ಕಿ, ಹುರಿಗಡಲೆ, ಚಟ್ನಿಪುಡಿ. ಬಳ್ಳಾರಿ ಕಡೆಯವರಿಗೆ ಮಂಡಕ್ಕಿ ಇದ್ದರೆ ಬೇರೆ ಹೋಟೆಲ್ ಬೇಕಿಲ್ಲ. ಹಗುರ, ಬಿಸಿಲಿಗೆ ಕೆಡಲ್ಲ. ಐಸ್ ಪೆಟ್ಟಿಗೆಯಲ್ಲಿ ಮೊಸರನ್ನ. ಪಾರ್ಕ್ ಒಳಗೆ ಜಾಸ್ತಿ ಕಡೆ ಅಂಗಡಿ ಇಲ್ಲ, ಫೋನ್ ಸಿಗ್ನಲ್ ಇಲ್ಲ, ಜೋಶುವಾ ಟ್ರೀ ಒಳಗೆ ಬಹುತೇಕ ನೀರೂ ಇಲ್ಲ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದೆ, ಜೊತೆಗೆ ಗೇಟಿನಲ್ಲಿ ಕೊಡುವ ಕಾಗದದ ಮ್ಯಾಪ್. ಆ ಕಾಗದ ಅವನ ಕೈಯಲ್ಲಿತ್ತು. ದಾರಿ ಹೇಳುವ ಕೆಲಸ ಅವನದೇ ಆದಮೇಲೆ ಹಿಂದಿನ ಸೀಟಿನಿಂದ "ಇನ್ನೂ ಎಷ್ಟು ದೂರ" ಅನ್ನುವುದು ನಿಂತಿತು.

ದಿನದ ಲೆಕ್ಕ ಸರಳ. ಬೆಳಗ್ಗೆ ಬೇಗ ಹೊರಗೆ, ಹತ್ತು ಹತ್ತೂವರೆಗೆ ವಾಪಸ್. ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಇಸ್ಪೀಟು. ಐದರ ನಂತರ ಮತ್ತೆ ಹೊರಗೆ. ದಿನಕ್ಕೆ ಎರಡೇ ಜಾಗ. ದುಡ್ಡು ಕೊಟ್ಟು ಬಂದು ಮಧ್ಯಾಹ್ನ ಸುಮ್ನೆ ಮಲಗೋದಾ ಅಂತ ಅನ್ನಿಸುತ್ತದೆ, ಅಲ್ವಾ? ಮಲಗಿ.

ಈಗ ಜೋಶುವಾ ಟ್ರೀ. ಹಿಡನ್ ವ್ಯಾಲಿ ಅಂತ ಒಂದು ಮೈಲಿಯ ಸುತ್ತು ದಾರಿ ಇದೆ, ಸುತ್ತ ಎತ್ತರದ ಬಂಡೆಗಳು, ನಡುವೆ ತಟ್ಟೆ ಥರದ ಜಾಗ. ಒಳಗೆ ಕಾಲಿಟ್ಟ ಹುಡುಗ ನಿಂತುಬಿಟ್ಟ. "ಮಾಮಾ, ಇದು ನಮ್ಮ ಹಂಪಿ ಅಲ್ವಾ? ಇದ್ಕೆ ಇಷ್ಟು ದೂರ ಬಂದ್ವಾ?" ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಎರಡೂ ಕಡೆ ಗ್ರಾನೈಟ್ ಜಾತಿಯ ಕಲ್ಲು, ಎರಡೂ ಕಡೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಉರುಟು ಬಂಡೆಗಳು. ಭೂಮಿಯೊಳಗೆ ಕರಗಿದ ಕಲ್ಲು ನಿಧಾನವಾಗಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬೀಳುತ್ತದೆ. ನೆಲದೊಳಗಿನ ನೀರು ಆ ಬಿರುಕಿನಲ್ಲಿ ಇಳಿದು ಕಲ್ಲನ್ನು ತಿನ್ನುತ್ತದೆ, ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೊದಲು ಸವೆಯುವುದು ಮೂಲೆಗಳೇ, ಹಾಗಾಗಿ ಚೌಕದ ತುಂಡುಗಳು ಮಣ್ಣಿನೊಳಗೇ ಉರುಟಾಗುತ್ತವೆ. ಆಮೇಲೆ ಮೇಲಿನ ಮಣ್ಣು ಕೊಚ್ಚಿಹೋಗಿ ಬಂಡೆಗಳು ಹಾಗೇ ಕೂತುಬಿಡುತ್ತವೆ. ಇದನ್ನು ಒಂದು ಬಂಡೆ ನೆರಳಲ್ಲಿ ಕೂತು ಮಣ್ಣಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದೆ. ಯಾವುದು ಹಳೇದು ಅಂತ ಕೇಳಿದ. ಇದು ಹತ್ತು ಕೋಟಿ ವರ್ಷದ ಮೇಲೆ, ಹಂಪಿಯದು ಸುಮಾರು 250 ಕೋಟಿ ಅಂದೆ. ಅವತ್ತಿಂದ ಸಿಕ್ಕ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ, ಪಾರ್ಕ್ ನೋಡಿಕೊಳ್ಳುವ ರೇಂಜರ್ ಒಬ್ಬರನ್ನೂ ಬಿಡಲಿಲ್ಲ.

ರೇಂಜರ್ ಅಂದಮೇಲೆ ಜೂನಿಯರ್ ರೇಂಜರ್ ವಿಷಯ. ವಿಸಿಟರ್ ಸೆಂಟರಿನಲ್ಲಿ ಮಕ್ಕಳಿಗೆ ಒಂದು ಚಟುವಟಿಕೆ ಪುಸ್ತಕ ಪುಕ್ಕಟೆ ಕೊಡುತ್ತಾರೆ. ನೋಡಿದ ಗಿಡ, ಪ್ರಾಣಿ, ಹೆಜ್ಜೆ ಗುರುತು ಎಲ್ಲ ಬರೆದು ತುಂಬಿ ತಂದರೆ ರೇಂಜರ್ ಕೂತು ಪ್ರಶ್ನೆ ಕೇಳಿ, ಪ್ರತಿಜ್ಞೆ ಮಾಡಿಸಿ, ಬ್ಯಾಡ್ಜ್ ಕೊಡುತ್ತಾರೆ. ನಾನು ಇದನ್ನು ಟೈಮ್‌ಪಾಸ್ ಅಂದುಕೊಂಡು ಇಸಿದುಕೊಟ್ಟಿದ್ದೆ, ಕೊನೆಗೆ ಇಡೀ ಪ್ರವಾಸವನ್ನೇ ಅದು ನಡೆಸಿತು. ಬ್ಯಾಡ್ಜ್ ಆಸೆಗೆ ಅವನು ಓದಿದ ಇಂಗ್ಲಿಷ್ ಶಾಲೆಯಲ್ಲೂ ಓದಿರಲಿಕ್ಕಿಲ್ಲ.

ಆ ಓದಿನಲ್ಲೇ ಅವನಿಗೆ ಆಮೆ ಸಿಕ್ಕಿತು. ಮೊಹಾವಿಯ ಮರುಭೂಮಿ ಆಮೆ ನೀರನ್ನು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಯಾರಾದರೂ ಎತ್ತಿಕೊಂಡರೆ ಹೆದರಿ ಎಲ್ಲ ಹುಯ್ದುಬಿಡುತ್ತದೆ, ಮತ್ತೆ ನೀರು ಸಿಗದಿದ್ದರೆ ಸತ್ತೂ ಹೋಗಬಹುದು. ನಿಲ್ಲಿಸಿದ ಕಾರಿನ ನೆರಳಿಗೂ ಅವು ಬರುತ್ತವೆ, ಹೊರಡುವ ಮುಂಚೆ ಕೆಳಗೆ ನೋಡಿ ಅಂತ ಬೋರ್ಡ್ ಇರುತ್ತದೆ. ಅವನಿಗೆ ಆ ಡ್ಯೂಟಿ ಕೊಟ್ಟೆ. ಪೆಟ್ರೋಲ್ ಬಂಕಿನಲ್ಲೂ ಬಗ್ಗಿ ನೋಡಿಯೇ ಹತ್ತುತ್ತಿದ್ದ. ಆಮೆ ಮಾತ್ರ ಒಂದೂ ಕಾಣಲಿಲ್ಲ.

ಜೋಶುವಾ ಟ್ರೀಯಲ್ಲೇ ಇರುವ ಚೋಯಾ ಕಳ್ಳಿ ತೋಟಕ್ಕೆ ಹೋಗುವವರು ಒಂದು ಬಾಚಣಿಗೆ ಇಟ್ಟುಕೊಳ್ಳಿ. ಸ್ವಲ್ಪ ತಾಗಿದರೂ ಅದರ ಮುಳ್ಳುಂಡೆ ಬಟ್ಟೆಗೆ, ಶೂಗೆ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಬೇಡಿ, ಬಾಚಣಿಗೆಯಿಂದ ಎತ್ತಿ ಎಸೆಯಿರಿ.

ಅಲ್ಲಿಂದ ಉತ್ತರಕ್ಕೆ ಮೊಹಾವಿ ಸಂರಕ್ಷಿತ ಪ್ರದೇಶದ ಕೆಲ್ಸೋ ಮರಳುದಿಬ್ಬ. ಲೆಕ್ಕಕ್ಕೆ ಇದು ಉಳಿದೆರಡರ ಹಾಗೆ ನ್ಯಾಷನಲ್ ಪಾರ್ಕ್ ಅಲ್ಲ, ಆದರೂ ಬಿಡಬೇಡಿ. 600 ಅಡಿಗೂ ಜಾಸ್ತಿ ಎತ್ತರ, ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ಹುಡುಗ ಅರ್ಧದಲ್ಲಿ ಅಳು ಮುಖ ಮಾಡಿದ. ಮೇಲೆ ಹೋಗಿ ಕೂತು ಜಾರಿದರೆ ಮರಳು ಗುಂಯ್ ಅನ್ನುತ್ತದೆ ಅಂತ ಆಸೆ ಹುಟ್ಟಿಸಿ ಹತ್ತಿಸಿದೆ, ಒಳಗೊಳಗೇ ಅನ್ನದಿದ್ದರೆ ಏನು ಗತಿ ಅಂತ ಹೆದರಿಕೆ, ಯಾಕೆಂದರೆ ಮರಳು ಪೂರ್ತಿ ಒಣಗಿದ್ದರೆ ಮಾತ್ರ ಆ ಸದ್ದು. ತುದಿ ಹತ್ತಿರದ ಕಡಿದಾದ ಮುಖದಲ್ಲಿ ಇಬ್ಬರೂ ಕೂತು ಜಾರಿದೆವು. ದೂರದಲ್ಲಿ ವಿಮಾನ ಹೋದ ಹಾಗೆ ಒಂದು ಗುಡುಗು ಕೆಳಗಿನಿಂದ ಬಂತು. ಕಿವಿಗಿಂತ ಹೆಚ್ಚಾಗಿ ಕೂತ ಜಾಗಕ್ಕೆ ಗೊತ್ತಾಗುವ ಸದ್ದು ಅದು. ಆಮೇಲೆ ಅವನನ್ನು ಇಳಿಸೋದೇ ಕಷ್ಟವಾಯಿತು. ಏಳು ಗಂಟೆಯೊಳಗೆ ಹತ್ತಲು ಶುರು ಮಾಡಿ, ಬಿಸಿಲೇರಿದ ಮೇಲೆ ಆ ಮರಳಲ್ಲಿ ಮಕ್ಕಳನ್ನು ನಡೆಸಬಾರದು.

ದಾರಿಯಲ್ಲಿ ಬೇಕರ್ ಅನ್ನುವ ಊರಲ್ಲಿ ಪೆಟ್ರೋಲ್ ತುಂಬಿಸಿದೆ, ಮುಂದೆ ಡೆತ್ ವ್ಯಾಲಿ ಒಳಗೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆ ಊರಲ್ಲೊಂದು ದೈತ್ಯ ಥರ್ಮಾಮೀಟರ್ ನಿಲ್ಲಿಸಿದ್ದಾರೆ, ಎತ್ತರ 134 ಅಡಿ. 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್‌ನ ನೆನಪಿಗೆ. ನಮ್ಮ ಲೆಕ್ಕದಲ್ಲಿ 56.7 ಸೆಲ್ಸಿಯಸ್. ಹುಡುಗ ಮೊದಲ ಸಲ ಬಿಸಿಲಿಗೆ ಮರ್ಯಾದೆ ಕೊಟ್ಟ.

ಡೆತ್ ವ್ಯಾಲಿಯಲ್ಲಿ ನಮಗೆ ಎಲ್ಲಕ್ಕಿಂತ ಚೆನ್ನಾಗಿದ್ದ ಬೆಳಗು ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳದ್ದು. ಫೋಟೋಗೆ ಎಲ್ಲರೂ ಎತ್ತರದ ದಿಬ್ಬದ ಕಡೆ ಓಡುತ್ತಾರೆ. ನಾವು ಓಡಲಿಲ್ಲ. ಸೂರ್ಯ ಇನ್ನೂ ಕೆಳಗಿರುವಾಗ ಅಡ್ಡ ಬೆಳಕಿಗೆ ಮರಳ ಮೇಲಿನ ಒಂದೊಂದು ಗುರುತಿಗೂ ನೆರಳು ಬೀಳುತ್ತದೆ, ರಾತ್ರಿಯೆಲ್ಲ ಯಾರು ಯಾರು ಓಡಾಡಿದರು ಅಂತ ಪೂರ್ತಿ ಕಾಣುತ್ತದೆ. ಜೀರುಂಡೆಯದು ಎರಡು ಸಾಲು ಚುಕ್ಕಿ. ಕಾಂಗರೂ ಇಲಿಯದು ಜೋಡಿ ಹಿಂಗಾಲು, ನಡುವೆ ಬಾಲ ಎಳೆದ ಗೆರೆ. ಈ ಇಲಿ ಜೀವಮಾನವಿಡೀ ನೀರು ಕುಡಿಯದೆ ಇರಬಲ್ಲದು, ತಿಂದ ಬೀಜದಿಂದಲೇ ಮೈಗೆ ಬೇಕಾದ ನೀರು ಮಾಡಿಕೊಳ್ಳುತ್ತದೆ. ಒಂದು ಕಡೆ ಕೊಕ್ಕೆಯಂಥ ಗೆರೆಗಳು ಅಡ್ಡಡ್ಡ ಸಾಲಾಗಿದ್ದವು. ಪುಸ್ತಕದ ಚಿತ್ರಕ್ಕೆ ಹೋಲಿಸಿ ನೋಡಿದರೆ ಸೈಡ್‌ವೈಂಡರ್ ಅನ್ನುವ ವಿಷದ ಹಾವು. ಇಬ್ಬರೂ ಹತ್ತಿರದ ಪೊದೆಗಳಿಂದ ದೂರ ಸರಿದೆವು. ಒಂದು ಇಲಿಯ ಗುರುತು ಹಿಡಿದು ಹೋದರೆ ಅದು ನಡುವೆಯೇ ನಿಂತುಹೋಗಿತ್ತು, ಬಿಲ ಇಲ್ಲ, ಪೊದೆ ಇಲ್ಲ. ಗೂಬೆ ಎತ್ತಿಕೊಂಡು ಹೋಗಿರಬೇಕು ಅಂತ ಅವನೇ ತೀರ್ಮಾನ ಕೊಟ್ಟ.

ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಉಪ್ಪಿನ ಬಯಲು ಎಲ್ಲರಿಗೂ ಗೊತ್ತು. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಉತ್ತರ ಅಮೆರಿಕದಲ್ಲೇ ತಗ್ಗಿನ ಜಾಗ. ಒಂದು ಉಪಾಯ ಹೇಳುತ್ತೇನೆ. ಪೂರ್ವಕ್ಕೆ ಬೆಟ್ಟ ಗೋಡೆಯ ಹಾಗೆ ನಿಂತಿದೆ, ಹಾಗಾಗಿ ಬೆಳಗ್ಗೆ ಬೇಗ ಹೋದರೆ ಸೂರ್ಯ ಹುಟ್ಟಿದ ಮೇಲೂ ಬಹಳ ಹೊತ್ತು ನೆರಳು. ಆ ನೆರಳಲ್ಲೇ ಉಪ್ಪಿನ ಬಯಲಲ್ಲಿ ದೂರ ನಡೆದು ಬರಬಹುದು. ಹಿಂದೆ ತಿರುಗಿ ನೋಡಿದರೆ ಬಂಡೆಯ ಮೇಲೆ, ಕುತ್ತಿಗೆ ನೋಯುವಷ್ಟು ಎತ್ತರದಲ್ಲಿ, ಸಮುದ್ರಮಟ್ಟ ಇಲ್ಲಿ ಅಂತ ಒಂದು ಪುಟ್ಟ ಬೋರ್ಡ್. "ನಮ್ಮ ಡ್ಯಾಮಿಗಿಂತ ಎತ್ತರನಾ?" ಅಂದ. ಹೌದು, ತುಂಗಭದ್ರಾ ಡ್ಯಾಮಿಗಿಂತ ಜಾಸ್ತಿ. ಹರಿದು ಬಂದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಆವಿಯಾಗಿ ಉಳಿದದ್ದು ಈ ಉಪ್ಪು, ಬಹುಪಾಲು ನಮ್ಮ ಅಡುಗೆ ಉಪ್ಪೇ. ಬೇಡ ಅನ್ನುವುದರೊಳಗೆ ಬೆರಳಿಗೆ ಒತ್ತಿಕೊಂಡು ನೆಕ್ಕಿಯಾಗಿತ್ತು.

ಹಾರ್ಮನಿ ಬೋರಾಕ್ಸ್ ವರ್ಕ್ಸ್ ಅನ್ನುವ ಹಳೇ ಬಿಳಿಗಾರದ (ಬೋರಾಕ್ಸ್) ಕಾರ್ಖಾನೆಗೆ ಕಾಲು ಗಂಟೆ ಕೊಟ್ಟರೆ ಸಾಕು. 1880ರ ದಶಕದಲ್ಲಿ ಇಲ್ಲಿಂದ ಬಿಳಿಗಾರ ತುಂಬಿದ ಗಾಡಿಗಳನ್ನು ಹೇಸರಗತ್ತೆಗಳು 165 ಮೈಲಿ ಎಳೆದು ರೈಲಿಗೆ ಮುಟ್ಟಿಸುತ್ತಿದ್ದವು. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಮಾಡುವುದು ಇದರಿಂದಲೇ ಅಂದಮೇಲೆ ಆ ಹಳೇ ಗಾಡಿಗೆ ಅವನ ಕಣ್ಣಲ್ಲಿ ಬೆಲೆ ಬಂತು. ಫರ್ನೇಸ್ ಕ್ರೀಕ್‌ನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಟಿಂಬಿಶಾ ಶೋಶೋನಿ ಜನರ ಊರು ಈಗಲೂ ಇದೆ, 2000ದ ಕಾನೂನಿನಿಂದ ಅವರಿಗೆ ಸ್ವಲ್ಪ ನೆಲ ವಾಪಸ್ ಸಿಕ್ಕಿತು. ಸಾವಿನ ಹೆಸರಿಟ್ಟ ಜಾಗದಲ್ಲಿ ಮನೆ ಮಾಡಿಕೊಂಡು ತಲೆತಲಾಂತರದಿಂದ ಜನ ಇದ್ದಾರೆ ಅನ್ನುವುದು ಮಕ್ಕಳಿಗೆ ಹೇಳಬೇಕಾದ ವಿಷಯ.

ಅಮಾವಾಸ್ಯೆಯ ಲಾಭವೂ ಆಯಿತು. ಏಪ್ರಿಲ್‌ನಲ್ಲಿ ಆಕಾಶಗಂಗೆಯ ದಟ್ಟ ಭಾಗ ಏಳುವುದು ನಡುರಾತ್ರಿ ದಾಟಿದ ಮೇಲೆ, ಅಷ್ಟು ಹೊತ್ತು ಮಗುವನ್ನು ಎಬ್ಬಿಸಿ ಇಡೋಕಾಗಲ್ಲ. ಆದರೆ ಸಂಜೆಗೇ ಸಪ್ತರ್ಷಿ ಮಂಡಲ ಎತ್ತರಕ್ಕೆ ಬಂದಿರುತ್ತದೆ. ಮದುವೆಗಳಲ್ಲಿ ಹಗಲು ಹೊತ್ತಲ್ಲೇ ಅರುಂಧತಿ ತೋರಿಸುತ್ತಾರಲ್ಲ, ಆ ಅರುಂಧತಿ ನಿಜಕ್ಕೂ ಇದೆ ಅಂತ ಅವನಿಗೆ ಅವತ್ತೇ ಗೊತ್ತಾಗಿದ್ದು. ವಸಿಷ್ಠನ ಪಕ್ಕದ ಆ ಸಣ್ಣ ಚುಕ್ಕಿ ನನಗಿಂತ ಮೊದಲು ಅವನಿಗೆ ಕಂಡಿತು, ನನಗೆ ಕನ್ನಡಕ ಒರೆಸಿಕೊಂಡ ಮೇಲೆ.

ರೇಸ್‌ಟ್ರ್ಯಾಕ್ ಪ್ಲಾಯಾಗೆ ಮಾತ್ರ ಹೋಗಲಿಲ್ಲ. ಬಂಡೆಗಳು ತಾವಾಗೇ ಸರಿದು ಹಿಂದೆ ಗೆರೆ ಬಿಡುವ ಜಾಗ ಅದು. ದಾರಿ 27 ಮೈಲಿ ಚೂಪು ಜಲ್ಲಿ, ನನ್ನ ಸಣ್ಣ ಕಾರಿನ ಟೈರಿಗೆ ಅದು ಆಗದ ಮಾತು. ಬದಲಿಗೆ ಕಥೆ ಹೇಳಿದೆ. 2014ರಲ್ಲಿ ವಿಜ್ಞಾನಿಗಳು ಇದರ ಗುಟ್ಟು ಪ್ರಕಟಿಸಿದರು. ಚಳಿಗಾಲದಲ್ಲಿ ಅಲ್ಲಿ ನೀರು ನಿಂತರೆ ರಾತ್ರಿ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತದೆ, ಬಿಸಿಲಿಗೆ ಅದು ಒಡೆದು ತೇಲುತ್ತದೆ, ಸಣ್ಣ ಗಾಳಿ ಬಂದರೂ ಆ ಹಾಳೆಗಳು ಕಲ್ಲನ್ನು ಮೆಲ್ಲಗೆ ತಳ್ಳಿಕೊಂಡು ಹೋಗುತ್ತವೆ. "ಡೆತ್ ವ್ಯಾಲೀಲಿ ಐಸಾ?" ಅಂತ ನಂಬಲೇ ಇಲ್ಲ. ಈಗ ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ, ದೊಡ್ಡ ಟೈರಿನ ಜೀಪ್ ಬಾಡಿಗೆಗೆ ಎಷ್ಟಾಗುತ್ತೆ ಮಾಮಾ ಅಂತ. ವಿಚಾರಿಸಿದ್ದೇನೆ. ನಮ್ಮ ರೂಮ್ ಬಾಡಿಗೆಗಿಂತ ಜಾಸ್ತಿ.