ಹೊಸ ಸಂಯುಕ್ತ ಸಿಕ್ಕಿತು ಅಂದುಕೊಂಡ ಆ ಹದಿನೈದು ದಿನ

ಗಾಂಜಾ ಗಿಡದಲ್ಲಿ ಯಾರಿಗೂ ಗೊತ್ತಿಲ್ಲದ್ದು ಇನ್ನೇನಿದೆ ಅಂತ ಹುಡುಕುವುದು ನನ್ನ ಕೆಲಸ. ಲೈಸೆನ್ಸು, ಬೀಗ ಹಾಕಿದ ಫ್ರಿಜ್ಜು, ಗ್ರಾಂ ಗ್ರಾಂಗೂ ಲೆಕ್ಕ, ಅದೆಲ್ಲ ಇದ್ದದ್ದೇ. 1964ರಲ್ಲೇ ಮೆಶೂಲಮ್ ಮತ್ತು ಗಾವೋನಿ ಅನ್ನುವ ವಿಜ್ಞಾನಿಗಳು ಗಾಂಜಾದ ಮತ್ತೇರಿಸುವ ಸಂಯುಕ್ತ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಹೇಳಿಬಿಟ್ಟರಲ್ಲ, ಇನ್ನೇನು ಉಳಿದಿದೆ ಅಂತ ಕೇಳುವವರಿದ್ದಾರೆ. ಬೇಕಾದಷ್ಟು ಉಳಿದಿದೆ. ತೊಂದರೆ ಏನೆಂದರೆ, ಕಂಡದ್ದೆಲ್ಲ ಗಿಡದ್ದೇ ಆಗಿರುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಒಂದು ಪೀಕ್‌ನಿಂದ, ಅಂದರೆ ಗ್ರಾಫ್‌ನಲ್ಲಿ ಮೇಲೆದ್ದ ಒಂದು ಗೆರೆಯಿಂದ. ಹೂವನ್ನು ಎಥನಾಲ್‌ನಲ್ಲಿ ನೆನೆಸಿ, ಸೋಸಿ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕಿದ್ದೆ. 361.27ರಲ್ಲಿ ಒಂದು ಪೀಕ್, ಚಿಕ್ಕದು, ಆದರೆ ಚೂಪಾಗಿತ್ತು. ನನ್ನ ಪಟ್ಟಿಯಲ್ಲಿ ಆ ತೂಕದ್ದು ಇರಲಿಲ್ಲ. ಒಡೆದು ನೋಡಿದರೆ 315, ಆಮೇಲೆ 193. ಟಿಎಚ್‌ಸಿ, ಗಾಂಜಾದ್ದೇ ಇನ್ನೊಂದು ಸಂಯುಕ್ತ ಸಿಬಿಡಿ, ಎರಡೂ ಒಡೆಯುವುದು ಹೀಗೇ, ಅಂದರೆ ಅದೇ ಮನೆತನದ್ದು! ಎರಡು ವಾರ ನಾನು ನೆಲದ ಮೇಲೆ ನಡೆಯಲಿಲ್ಲ ಬಿಡಿ, ಮನಸ್ಸಿನಲ್ಲೇ ಹೆಸರೂ ಇಟ್ಟಾಗಿತ್ತು.

ಆಮೇಲೆ ಒಂದು ಸಂಜೆ ಸುಮ್ನೆ ಕಳೆದು ನೋಡಿದೆ. 361.27ರಿಂದ 315.23 ಹೋದರೆ 46.04. ಅದು ಎಥನಾಲ್‌ನ ತೂಕ. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು, ಯಾಕಂದರೆ ಆ ಎಥನಾಲ್‌ಗೆ ನಾನೇ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ್ದೆ. ಬೇರೆ ಹೂಗಳಿಂದ ಕೆಂಪು, ನೇರಳೆ ಬಣ್ಣ ತೆಗೆಯುವಾಗ ಹಾಗೆ ಮಾಡುತ್ತೇವೆ, ಅದೇ ಕೈರೂಢಿಯಲ್ಲಿ ಇಲ್ಲೂ ಮಾಡಿಬಿಟ್ಟೆ. ಆಸಿಡ್ ಇದ್ದರೆ ಸಿಬಿಡಿ ಸುಮ್ಮನಿರುವುದಿಲ್ಲ, ಸ್ವಲ್ಪ ಟಿಎಚ್‌ಸಿಯಾಗಿ ತಿರುಗುತ್ತದೆ, ಇನ್ನು ಸ್ವಲ್ಪ ಎಥನಾಲನ್ನೇ ಅಂಟಿಸಿಕೊಳ್ಳುತ್ತದೆ.

ಖಾತ್ರಿ ಮಾಡಿಕೊಳ್ಳಲು ಎಥನಾಲ್ ಬದಲು ಮೆಥನಾಲ್ ಹಾಕಿ, ಬೇಕಂತಲೇ ಅದೇ ತಪ್ಪನ್ನು ಇನ್ನೊಮ್ಮೆ ಮಾಡಿದೆ. ಪೀಕ್ 347.26ಕ್ಕೆ ಇಳಿಯಿತು. ಗಿಡದ ಸಂಯುಕ್ತವಾಗಿದ್ದರೆ ನಾನು ಯಾವ ದ್ರಾವಕ ಹಾಕಿದರೂ ಅದರ ತೂಕ ಬದಲಾಗಬಾರದಿತ್ತು, ಅಲ್ವಾ? ಆಸಿಡ್ ಬಿಟ್ಟು ತೆಗೆದ ಸ್ಯಾಂಪಲ್‌ನಲ್ಲಿ ಎರಡೂ ಇರಲಿಲ್ಲ.

ನಿಜವಾಗಿ ಹೊಸದನ್ನು ಹುಡುಕಿದವರು ಏನು ಮಾಡಿದರು ಅಂತ ಆಗಲೇ ಸರಿಯಾಗಿ ಓದಿದ್ದು. 2019ರಲ್ಲಿ ಇಟಲಿಯ ತಂಡವೊಂದು ಟಿಎಚ್‌ಸಿಪಿ ಅನ್ನುವುದನ್ನು ವರದಿ ಮಾಡಿತು. ಟಿಎಚ್‌ಸಿಯ ಬಾಲದಲ್ಲಿ ಐದು ಕಾರ್ಬನ್, ಇದರಲ್ಲಿ ಏಳು. ಅವರು ಪೀಕ್ ನೋಡಿ ನಿಲ್ಲಿಸಲಿಲ್ಲ. ಗಿಡದಿಂದ ಬೇರ್ಪಡಿಸಿದರು, ಲ್ಯಾಬ್‌ನಲ್ಲಿ ಅದನ್ನೇ ತಯಾರಿಸಿದರು, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಲ್ಯಾಬ್ ಪರೀಕ್ಷೆಯಲ್ಲಿ ಅದು ಸಿಬಿ1 ರಿಸೆಪ್ಟರ್‌ಗೆ (ಮೆದುಳಿನಲ್ಲಿ ಟಿಎಚ್‌ಸಿ ಹೋಗಿ ಕೂರುವ ಜಾಗ) ಟಿಎಚ್‌ಸಿಗಿಂತ ಸುಮಾರು 30 ಪಟ್ಟು ಗಟ್ಟಿಯಾಗಿ ಅಂಟಿಕೊಂಡಿತಂತೆ. ಸುದ್ದಿಯಾಗಿದ್ದು ಆ ಸಂಖ್ಯೆ. ನನಗೆ ಹೊಟ್ಟೆಕಿಚ್ಚಾಗಿದ್ದು ಆ ಹೋಲಿಕೆಯ ಚಿತ್ರ ನೋಡಿ.

ಈಗ ನನ್ನ ಹತ್ತಿರ ಇನ್ನೊಂದು ಪೀಕ್ ಇದೆ. ಮೆಥನಾಲ್, ಎಥನಾಲ್, ಹೆಕ್ಸೇನ್ ಮೂರರಲ್ಲೂ ಒಂದೇ ತೂಕ, ಖಾಲಿ ದ್ರಾವಕದಲ್ಲಿ ಇಲ್ಲ. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಗೆ ಸಾಕಾಗುವಷ್ಟು ಕೂಡಿಸಲು ನಾಲ್ಕು ತಿಂಗಳಿಂದ ಸಂಯುಕ್ತಗಳನ್ನು ಬೇರ್ಪಡಿಸುವ ಕಾಲಮ್ ಓಡಿಸುತ್ತಿದ್ದೇನೆ, ಇದುವರೆಗೆ ಸಿಕ್ಕಿದ್ದು ವಯಲ್‌ನ ತಳದಲ್ಲಿ ಒಂದು ತೆಳು ಅಂಟು. ಹೆಸರು ಇನ್ನೂ ಇಟ್ಟಿಲ್ಲ.