ವರ್ಷಕ್ಕೊಂದು ಕರು: ಪುರಂದರದ ಒಣನೆಲದಲ್ಲಿ ಕಿಲಾರಿ ಹಿಂಡು ಕಟ್ಟಿದ ನನ್ನ ಅನುಭವ

ಹಸು ಸಾಕಿದ್ದೇನೆ ಎಂದು ಪುಣೆಯಲ್ಲಿ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ, "ದಿನಕ್ಕೆ ಎಷ್ಟು ಲೀಟರ್ ಕೊಡುತ್ತದೆ?" ಯಾವ ಹಸುವನ್ನು ಕಂಡರೂ ನಾನು ಕೇಳುವುದು ಬೇರೆ. ಹೋದ ವರ್ಷ ಕರು ಹಾಕಿತ್ತೇ? ಈ ವರ್ಷ ಮತ್ತೆ ಗಬ್ಬವಾಗಿದೆಯೇ? ಏನು ತಿಂದು ಗಬ್ಬವಾಯಿತು? ನಮ್ಮ ಕಿಲಾರಿ ತಳಿಯ ಹಸುಗಳ ಹಿಂಡು ನಿಂತಿರುವುದೇ ಈ ಮೂರು ಪ್ರಶ್ನೆಗಳ ಮೇಲೆ. ಮೂರನೆಯದನ್ನು ಜನ ಕೇಳುವುದು ಕಡಿಮೆ, ನನ್ನ ಮಟ್ಟಿಗೆ ಅದೇ ಮುಖ್ಯ.

ನಮ್ಮ ಮೂಲ ಇಂಡಿ ತಾಲ್ಲೂಕು. ತಂದೆಯವರು ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲೇ ನೆಲೆಸಿದರು. ಈಗ ದನಗಳಿರುವ ಜಮೀನು ಪುರಂದರ ತಾಲ್ಲೂಕಿನಲ್ಲಿದೆ. ದಿವೇ ಘಾಟ್ ಹತ್ತಿ, ಸಾಸವಡ ದಾಟಿ ಜೇಜುರಿಯ ಕಡೆಗೆ ಹೊರಟರೆ ಮಳೆ ಕಣ್ಣಿಗೆ ಕಾಣುವಂತೆ ಕಡಿಮೆಯಾಗುತ್ತ ಹೋಗುತ್ತದೆ. ಸಹ್ಯಾದ್ರಿಯ ತಲೆಯ ಮೇಲೆ ಸುರಿದು ಉಳಿದ ಮೋಡವಷ್ಟೇ ನಮಗೆ ದಕ್ಕುವುದು. ಕಲ್ಲುನೆಲ, ಗುಡ್ಡದ ಇಳಿಜಾರಿನಲ್ಲಿ ಪವನ್ಯಾ, ಮಾರ್ವೇಲ್ ಹುಲ್ಲು, ಬೇಸಿಗೆಗೆ ಜೋಳದ ಕಣಿಕೆ, ಅಂದರೆ ಒಣದಂಟು. ದನಗಳನ್ನು ನೋಡಿಕೊಳ್ಳುವ ಹಿರಿಯರೂ ಅವರ ಹೆಂಡತಿಯೂ ನಮ್ಮ ಇಂಡಿ ಕಡೆಯವರೇ. ಅವರನ್ನು ನಾವೆಲ್ಲ ಕಾಕಾ, ಕಾಕೂ ಎಂದೇ ಕರೆಯುತ್ತೇವೆ. ಹೀಗಾಗಿ ನಮ್ಮ ಹಸುಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ.

ಗುಡ್ಡದಾಚೆಯ ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಬೈಫ್ ಸಂಸ್ಥೆಯನ್ನು ಕಟ್ಟಿದರು. ಹೆಪ್ಪುಗಟ್ಟಿಸಿದ ವೀರ್ಯವನ್ನು ರೈತನ ಮನೆಬಾಗಿಲಿಗೇ ಒಯ್ದು ಮಿಶ್ರತಳಿಯ ಹಸುಗಳನ್ನು ಹಳ್ಳಿಹಳ್ಳಿಗೆ ತಲುಪಿಸಿದವರು ಅವರು. ಕಾಲುವೆಯ ನೀರು, ವರ್ಷವಿಡೀ ಹಸಿರು ಮೇವು ಇರುವಲ್ಲಿ ಆ ಹಸುಗಳು ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿವೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಜಮೀನಿನಲ್ಲಿ ನೀರೂ ಇಲ್ಲ, ಹಸಿರೂ ಇಲ್ಲ. ಏಪ್ರಿಲ್‌ನ ಬಿಸಿಲಿಗೆ ನಾಲಿಗೆ ಚಾಚಿ ಏದುಸಿರು ಬಿಡುವ ಹಸು ಬೆದೆಗೇ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ನಮ್ಮ ಸುತ್ತಲಿನ ಕೊಟ್ಟಿಗೆಗಳಲ್ಲಿ 'ರಿಪೀಟರ್' ಎಂಬ ಮಾತು ದಿನಬಳಕೆಯದು. ಮೂರು ಸಲ ವೀರ್ಯ ಕೊಡಿಸಿದರೂ ಗಬ್ಬ ಕಟ್ಟದ ಹಸು ಎಂದು ಅದರರ್ಥ. ಇರುವ ನೆಲಕ್ಕೆ ತಕ್ಕ ಹಸುವನ್ನು ಹುಡುಕಿದಾಗ ಕಿಲಾರಿಯೇ ಎದುರಿಗೆ ಬಂತು. ಆಟಪಾಡಿ, ಮ್ಹಸವಡ, ಪಂಢರಪುರದಿಂದ ವಿಜಯಪುರ, ಬೆಳಗಾವಿಯವರೆಗೆ ಹಬ್ಬಿರುವ ತಳಿ ಅದು. ನಮ್ಮ ಅಜ್ಜನ ಕೊಟ್ಟಿಗೆಯಲ್ಲಿದ್ದದ್ದೂ ಅದೇ.

ಕಿಲಾರಿ ತಳಿಯದೆಂದ ಮಾತ್ರಕ್ಕೆ ಪ್ರತಿ ಹಸುವೂ ವರ್ಷಕ್ಕೊಂದು ಕರು ಹಾಕುವುದಿಲ್ಲ. ಸಾಮಾನ್ಯವಾಗಿ ಈ ತಳಿಯ ಮಣಕ, ಅಂದರೆ ಇನ್ನೂ ಈಯದ ಹರೆಯದ ಹಸು, ಮೊದಲ ಕರು ಹಾಕುವ ಹೊತ್ತಿಗೆ ನಾಲ್ಕು ವರ್ಷ ಸಮೀಪಿಸಿರುತ್ತದೆ. ಎರಡು ಕರುಗಳ ನಡುವೆ ಒಂದೂವರೆ ವರ್ಷ ಕಳೆದರೂ ಯಾರೂ ಅಚ್ಚರಿಪಡುವುದಿಲ್ಲ. ಉಳುಮೆಗೂ ಗಾಡಿಗೂ ಎತ್ತು ಬೇಕಿದ್ದ ಕಾಲದಲ್ಲಿ ಜನ ಆರಿಸಿದ್ದು ನಡಿಗೆ, ಗೊರಸು, ಮೈಕಟ್ಟುಗಳನ್ನು. ಈಗ ಪುಣೆ ಜಿಲ್ಲೆಯಲ್ಲಿ ಎತ್ತಿನ ಗಾಡಿ ಓಟದ ಹುರುಪು. 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದ ಓಟಕ್ಕೆ 2021ರ ಡಿಸೆಂಬರ್‌ನಲ್ಲಿ ಮತ್ತೆ ಅವಕಾಶ ಸಿಕ್ಕಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಹೋರಿಗರುವಿನ ಬೆಲೆ ಏರಿದೆ, ತಳಿಗೂ ಆಸರೆ ಸಿಕ್ಕಿದೆ, ಅದಕ್ಕೆ ನನಗೆ ಸಂತೋಷವಿದೆ. ಓಟದಲ್ಲಿ ಗೆದ್ದಿತೆಂದು ಊರಿನ ಹಸುಗಳಿಗೆಲ್ಲ ಅದೇ ಹೋರಿಯನ್ನು ಬಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದರ ತಾಯಿ ಎಷ್ಟು ಸೂಲು ಕಂಡಳು, ಎಷ್ಟು ವರ್ಷ ಬರಡಾಗಿ ನಿಂತಳು ಎಂದು ಕೇಳುವವರೇ ಇಲ್ಲ. ಓಟ ಒಂದು ನಿಮಿಷದ್ದು, ಆ ಹೋರಿಯ ಹೆಣ್ಣುಗರುಗಳು ಹತ್ತು ಹದಿನೈದು ವರ್ಷ ನಮ್ಮ ಮೇವು ತಿನ್ನುತ್ತವೆ.

ನಾನು ಮಾಡಿದ ಮೊದಲ ಕೆಲಸ ಕಾಲ ಗೊತ್ತುಮಾಡಿದ್ದು. ಹಸುವಿನ ಗಬ್ಬದ ಅವಧಿ ನಮ್ಮ ದೇಸಿ ತಳಿಗಳಲ್ಲಿ ಸುಮಾರು 285 ದಿನ. ನಮ್ಮಲ್ಲಿ ಹುಲ್ಲು ಚಿಗುರುವುದು ಜೂನ್ ಕೊನೆಗೆ, ಮೇವು ತುಂಬಿರುವುದು ಅಕ್ಟೋಬರ್‌ವರೆಗೆ. ಹಸುವಿಗೆ ಹೆಚ್ಚು ಹಸಿವಿರುವುದು ಕರು ಹಾಕಿ ಹಾಲು ಇಳಿಸುವ ಮೊದಲ ಮೂರು ತಿಂಗಳು. ಆ ಹಸಿವೂ ಈ ಹುಲ್ಲೂ ಒಂದೇ ಹೊತ್ತಿಗೆ ಕೂಡಿಬಂದರೆ ಮಾತ್ರ ಹಿಂಡಿಯ ಚೀಲದ ಹಂಗಿಲ್ಲದೆ ಹಸು ಮೈ ಹಿಡಿದು ಮತ್ತೆ ಬೆದೆಗೆ ಬರುತ್ತದೆ. ಆದ್ದರಿಂದ ಅನಂತ ಚತುರ್ದಶಿಗೆ ಗಣಪತಿ ವಿಸರ್ಜನೆಯಾದ ಮೇಲೆ ಹೋರಿಯನ್ನು ಹಿಂಡಿಗೆ ಬಿಡುತ್ತೇವೆ, ಮಾರ್ಗಶಿರದಲ್ಲಿ ಜೇಜುರಿಯ ಚಂಪಾಷಷ್ಠಿ ಹಬ್ಬದ ಗದ್ದಲ ಶುರುವಾಗುವಾಗ ಹೊರಗೆ ತರುತ್ತೇವೆ. ನಡುವೆ ಸುಮಾರು 80 ದಿನ ಸಿಗುತ್ತದೆ. 21 ದಿನಕ್ಕೊಮ್ಮೆ ಬರುವ ಬೆದೆಯ ಲೆಕ್ಕದಲ್ಲಿ ಪ್ರತಿ ಹಸುವಿಗೂ ಮೂರು ಅವಕಾಶ. ಆಗ ನಿಂತ ಗಬ್ಬದ ಕರು ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವೆ ನೆಲಕ್ಕೆ ಬೀಳುತ್ತದೆ.

ಇದು ಪುರಂದರದ ಲೆಕ್ಕ. ಮುಳಶಿಯಲ್ಲೋ ಕೊಂಕಣದಲ್ಲೋ ಇದೇ ತಿಂಗಳುಗಳನ್ನು ಹಿಡಿದರೆ ಎಳೆಗರುಗಳು ಕೆಸರಿನಲ್ಲಿ ನೆನೆದು ಭೇದಿಗೆ ಬಲಿಯಾದಾವು. ಅಂಥ ಮಳೆಗೆ ಎಣ್ಣೆಮೈಯ ಡಾಂಗಿ ತಳಿ ಇದೆ, ಅಲ್ಲಿಯ ಕಾಲವನ್ನು ಅಲ್ಲಿಯವರೇ ಗೊತ್ತುಮಾಡಬೇಕು.

ಕಾಲ ಕಟ್ಟುನಿಟ್ಟಾದದ್ದರಿಂದ ಆಯ್ಕೆಯ ಅರ್ಧ ಕೆಲಸ ತಾನಾಗಿಯೇ ಆಯಿತು. ಮೊದಲ 21 ದಿನಗಳಲ್ಲೇ ಗಬ್ಬ ಕಟ್ಟುವ ಹಸು ಪ್ರತಿ ವರ್ಷ ಮೊದಲ ಸಾಲಿನಲ್ಲಿ ಈಯುತ್ತದೆ, ಅದರ ಕರು ಹುಲ್ಲಿನ ಕಾಲವನ್ನೆಲ್ಲ ಉಂಡು ಬೆಳೆಯುತ್ತದೆ. ತಡವಾಗಿ ಈದ ಹಸುವಿಗೆ ಚೇತರಿಸಿಕೊಳ್ಳಲು ಸಮಯ ಸಾಲದೆ ಒಂದು ವರ್ಷ ಹಿಂದೆ ಬೀಳುತ್ತದೆ. ಯಾವ ಹಸುವನ್ನು ಉಳಿಸಿಕೊಳ್ಳಬೇಕೆಂದು ನಾವು ಕುಳಿತು ಚರ್ಚಿಸುವುದಿಲ್ಲ. ವಹಿಯಲ್ಲಿ ಒಂದೊಂದು ಹಸುವಿಗೂ ಒಂದು ಪುಟ: ಕರು ಹಾಕಿದ ತಾರೀಖು, ಕಸ (ಮಾಸು) ಬಿದ್ದ ಹೊತ್ತು, ಕರು ತಾನೇ ಎದ್ದು ಗಿಣ್ಣು ಕುಡಿಯಿತೇ ಎಂಬ ಒಂದು ಸಾಲು. ಬೆಳ್ಳಿ ಎಂಬ ಹಸುವಿನ ಪುಟದಲ್ಲಿ ವರ್ಷವರ್ಷವೂ ಜುಲೈ ಎಂದೇ ಇದೆ. ಹಿಂಡಿನಲ್ಲಿ ಅದು ಎಲ್ಲಕ್ಕಿಂತ ಗಿಡ್ಡ, ಕೋಡೂ ಅಂಥ ಚಂದವಿಲ್ಲ. ಜಾತ್ರೆಗೆ ಒಯ್ದರೆ ಅದರ ಮುಂದೆ ಯಾರೂ ನಿಲ್ಲಲಾರರು. ಆದರೆ ಇಂದು ನಮ್ಮ ಹಿಂಡಿನ ಒಳ್ಳೆಯ ಮಣಕಗಳೆಲ್ಲ ಬೆಳ್ಳಿಯ ಮಕ್ಕಳು, ಮೊಮ್ಮಕ್ಕಳು.

ಕೃತಕ ಗರ್ಭಧಾರಣೆ ಬಿಟ್ಟು ಹೋರಿಯನ್ನೇ ಏಕೆ ನೆಚ್ಚಿಕೊಂಡಿರಿ ಎಂದು ಕೇಳುವವರಿದ್ದಾರೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸುವುದು ರೂಢಿ. ಅದಕ್ಕೆ ಬೆದೆ ಕಣ್ಣಿಗೆ ಬೀಳಬೇಕಷ್ಟೆ. ದೇಸಿ ಹಸುವಿನ ಬೆದೆಯ ಅವಧಿ ಚಿಕ್ಕದು, ಎಷ್ಟೋ ಸಲ ರಾತ್ರಿಯಲ್ಲೇ ಶುರುವಾಗಿ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಕೂಗುವುದೂ ಇಲ್ಲ, ಹಾರುವುದೂ ಇಲ್ಲ. ಬಾಲದ ಬುಡದಲ್ಲಿ ಒಣಗಿದ ಲೋಳೆಯ ಎಳೆ, ಬೆನ್ನಿನ ಮೇಲೆ ಕೆದರಿದ ಕೂದಲು ಕಂಡಾಗಲೇ ಗೊತ್ತಾಗುವುದು, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಗುಡ್ಡದಲ್ಲಿ ಮೇಯುವ ಹಿಂಡಿನ ಜೊತೆ ರಾತ್ರಿಯಿಡೀ ಎಚ್ಚರವಿರುವವನು ಹೋರಿಯೊಬ್ಬನೇ. ಬಲಿತ ಒಂದು ಹೋರಿ ಇಪ್ಪತ್ತೈದು ಮೂವತ್ತು ಹಸುಗಳನ್ನು ನಿಭಾಯಿಸುತ್ತದೆ.

ಹೋರಿಯ ಆಯ್ಕೆಯಲ್ಲಿ ನಾನು ತುಂಬಾ ಹಟಮಾರಿ. ಮೊದಲು ತಾಯಿ, ಆಮೇಲೆ ವೃಷಣದ ಅಳತೆ, ಆಮೇಲೆ ಕಾಲು, ಗೊರಸು, ಸ್ವಭಾವ. ಬಣ್ಣ, ಕೋಡು ಎಲ್ಲಕ್ಕೂ ಕೊನೆಗೆ. ಅಳೆಯುವ ಕ್ರಮ ಸರಳ. ಹೋರಿಯನ್ನು ಅಡ್ಡಪಟ್ಟಿಯೊಳಗೆ ನಿಲ್ಲಿಸಿ, ಹಿಂದಿನಿಂದ ವೃಷಣಗಳೆರಡನ್ನೂ ಮೆಲ್ಲನೆ ಕೆಳಕ್ಕೆ ಇಳಿಸಿ ಹಿಡಿದು, ಹೆಚ್ಚು ಅಗಲವಿರುವಲ್ಲಿ ಟೇಪು ಸುತ್ತಬೇಕು. ಎರಡೂ ಒಂದೇ ಗಾತ್ರವಿರಬೇಕು, ಒತ್ತಿದರೆ ಬಿಗಿಯಾಗಿರಬೇಕು, ಗಂಟು ಸಿಗಬಾರದು. ಒಂದೇ ವಯಸ್ಸಿನ ಹೋರಿಗಳಲ್ಲಿ ಸುತ್ತಳತೆ ಹೆಚ್ಚಿರುವುದರ ಹೆಣ್ಣುಗರುಗಳು ಬೇಗ ಬೆದೆಗೆ ಬರುತ್ತವೆ. ನಮ್ಮ ಒಂಗೋಲ್ ತಳಿಯನ್ನು ಒಯ್ದು ನೆಲೋರೆ ಎಂದು ಬೆಳೆಸಿದ ಬ್ರೆಜಿಲ್‌ನವರು ಹೋರಿ ಆರಿಸುವಾಗ ಈ ಅಳತೆಗೆ ದೊಡ್ಡ ಸ್ಥಾನ ಕೊಡುತ್ತಾರೆ. ತಳಿ ನಮ್ಮದು, ಟೇಪು ಹಿಡಿದವರು ಅವರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಿಚ್ಚಾಗುತ್ತದೆ.

ಅಳತೆಯ ಜೊತೆಗೆ ಕಣ್ಣೂ ಬೇಕು. ಬೋನ್ಸ್‌ಮಾರಾ ತಳಿಯನ್ನು ರೂಪಿಸಿದ ದಕ್ಷಿಣ ಆಫ್ರಿಕಾದ ಯಾನ್ ಬೋನ್ಸ್‌ಮಾ ಎಂಬ ವಿಜ್ಞಾನಿ ಹಸುವಿನ ಮೈಯನ್ನು ನೋಡಿಯೇ ಅದರ ಫಲವತ್ತತೆಯನ್ನು ಓದುವುದನ್ನು ಕಲಿಸಿದವರು. ಗಬ್ಬ ಕಟ್ಟದೆ ನಿಲ್ಲುವ ಹಸುವಿನ ಕೊರಳು ದಪ್ಪವಾಗುತ್ತದೆ, ಎದೆಯ ಮುಂದೆ ಕೊಬ್ಬು ಜೋತುಬೀಳುತ್ತದೆ, ಹೆಣ್ಣಿನ ಮೈಕಟ್ಟು ಕಳೆದು ಹೋರಿಯಂತೆ ಕಾಣತೊಡಗುತ್ತದೆ. ಒಳ್ಳೆಯ ಹಸುವಿನ ಕೂದಲು ಬಿಸಿಲುಗಾಲಕ್ಕೆ ಮುಂಚೆಯೇ ಉದುರಿ ಮೈ ನುಣುಪಾಗುತ್ತದೆ. ಇದನ್ನು ಓದಿ ಕಾಕಾನಿಗೆ ಹೇಳಲು ಹೋದರೆ ಅವರು ಕೆಂಚಿ ಎಂಬ ಹಸುವಿನ ಕಡೆ ಬೆರಳು ತೋರಿಸಿ, "ತಂಗೀ, ಅದರ ಕೊರಳು ಹೋರಿಯ ಕೊರಳಾಗುತ್ತಿದೆ ಎಂದು ನಾನು ದೀಪಾವಳಿಗೇ ಹೇಳಿರಲಿಲ್ಲವೇ?" ಎಂದರು. ಹೇಳಿದ್ದರು. ಡಾಕ್ಟರರು ಬಂದು ಕೈ ಹಾಕಿ ನೋಡಿದಾಗ ಕೆಂಚಿ ಖಾಲಿ ಇತ್ತು.

ಗಬ್ಬ ಪರೀಕ್ಷೆಯನ್ನು ಫೆಬ್ರುವರಿಯಲ್ಲಿ ಎಲ್ಲ ಹಸುಗಳಿಗೂ ಒಂದೇ ದಿನ ಮಾಡಿಸುತ್ತೇವೆ. ಬೇಸಿಗೆಯ ಕಣಿಕೆ ಕೊಳ್ಳುವ ಮೊದಲೇ ಯಾವುದಕ್ಕೆ ಎಷ್ಟು ಮೇವು ಎಂಬುದು ತಿಳಿದಿರಬೇಕು. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಖನಿಜ ಮಿಶ್ರಣ, ಒಂದಿಷ್ಟು ಗೋಧಿ ಬೂಸಾ. ಒಣಮೇವಿನಲ್ಲಿ ರಂಜಕ ಕಡಿಮೆ, ಬೂಸಾದಲ್ಲಿ ಹೆಚ್ಚು, ಮಣಕಗಳು ಬೆದೆಗೆ ಬಾರದೆ ನಿಲ್ಲುವುದಕ್ಕೆ ಅನೇಕ ಸಲ ಈ ಕೊರತೆಯೇ ಕಾರಣ. ಕರುವಿಗೆ ಎರಡು ತಿಂಗಳಾದ ಮೇಲೆ ಬೆಳಿಗ್ಗೆ, ಸಂಜೆ ಎರಡೇ ಹೊತ್ತು ಕುಡಿಯಲು ಬಿಡುತ್ತೇವೆ. ಹಗಲೂ ರಾತ್ರಿ ಕೆಚ್ಚಲಿಗೆ ಅಂಟಿಕೊಂಡ ಕರು ತಾಯಿಯ ಬೆದೆಯನ್ನು ಮುಂದಕ್ಕೆ ತಳ್ಳುತ್ತದೆ. ಮೊದಲ ಸೂಲಿನ ಹಸುವಿಗೆ ಮಾತ್ರ ನಮ್ಮಲ್ಲಿ ರಿಯಾಯಿತಿಯಿದೆ. ಅದು ತಾನೂ ಬೆಳೆಯಬೇಕು, ಹಾಲೂ ಕೊಡಬೇಕು. ಹಾಗಾಗಿ ಅದನ್ನು ಬೇರೆ ಕಟ್ಟಿ ಹೆಚ್ಚು ಮೇವು ಕೊಡುತ್ತೇವೆ. ಆ ಮೇಲೆ ರಿಯಾಯಿತಿ ಇಲ್ಲ.

ಹಾಗಾದರೆ ಗಬ್ಬ ನಿಲ್ಲದ ಹಸುವನ್ನು ಏನು ಮಾಡುತ್ತೀರಿ? ಹೊರದೇಶದ ಪುಸ್ತಕಗಳಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿದೆ: ಅದನ್ನು ಮಾಂಸಕ್ಕೆ ಮಾರುತ್ತಾರೆ. ಮಹಾರಾಷ್ಟ್ರದಲ್ಲಿ 1976ರ ಕಾಯ್ದೆ ಗೋವಧೆಯನ್ನು ನಿಷೇಧಿಸಿತ್ತು, 2015ರ ತಿದ್ದುಪಡಿಯ ನಂತರ ಹೋರಿ, ಎತ್ತುಗಳಿಗೂ ಅದು ಅನ್ವಯವಾಯಿತು. ಸಾಯುವವರೆಗೂ ಸಾಕುವ ಹೊಣೆ ಹೊತ್ತೇ ನಾವು ಇಲ್ಲಿ ಹಿಂಡು ಕಟ್ಟಬೇಕು. ಬರಡು ಹಸುಗಳಿಗೆ ಬೇರೆ ಅಂಕಣವಿದೆ, ಹೋರಿಯ ಸಂಪರ್ಕವಿಲ್ಲ, ಅವುಗಳ ವಂಶ ಹಿಂಡಿನಲ್ಲಿ ಮುಂದುವರಿಯುವುದಿಲ್ಲ. ಅವುಗಳ ಸಗಣಿಗೆ ಪುರಂದರದಲ್ಲಿ ಬೇಡಿಕೆಯಿದೆ. ಇಲ್ಲಿಯ ಅಂಜೂರಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಸೀತಾಫಲದ ತೋಟಗಳೂ ಸುತ್ತಮುತ್ತ ಹರಡಿವೆ. ತೋಟದವರು ಟ್ರ್ಯಾಕ್ಟರ್ ತಂದು ಗೊಬ್ಬರ ತುಂಬಿಕೊಂಡು ಹೋಗುತ್ತಾರೆ. ಬರಡು ಹಸುವಿನ ಕಣಿಕೆಯ ಖರ್ಚು ಬಹುಪಾಲು ಅದರಿಂದಲೇ ಹುಟ್ಟುತ್ತದೆ, ಪೂರ್ತಿ ಹುಟ್ಟುವುದಿಲ್ಲ. ಮಾರುವುದಕ್ಕೆ ದಾರಿಯಿಲ್ಲದ ಕಡೆ ಫಲವತ್ತತೆಯ ಆಯ್ಕೆ ಇನ್ನೂ ಮುಖ್ಯ ಎನ್ನುವುದು ಇದಕ್ಕೇ. ಇಲ್ಲಿ ಬರಡು ಮಣಕವೊಂದನ್ನು ಹುಟ್ಟಿಸಿದರೆ ಹದಿನೈದು ವರ್ಷದ ಮೇವಿನ ಸಾಲ ಹುಟ್ಟಿಸಿದಂತೆ.

ರೋಗಗಳ ಬಗ್ಗೆ ಎರಡೇ ಮಾತು. ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಗಬ್ಬ ಕಳೆಯುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ ತಪ್ಪದೆ ಹಾಕಿಸಬೇಕು, ಹೊರಗಿನಿಂದ ತಂದ ಹೋರಿಯ ರಕ್ತ ಪರೀಕ್ಷೆಯಾಗದೆ ಹಿಂಡಿಗೆ ಸೇರಿಸಬಾರದು. 2022ರಲ್ಲಿ ಚರ್ಮಗಂಟು ರೋಗ ಮಹಾರಾಷ್ಟ್ರವನ್ನೆಲ್ಲ ಆವರಿಸಿದಾಗ ಜನ ಹಸುಗಳನ್ನಷ್ಟೇ ನೋಡಿದರು. ಆ ಜ್ವರ ಹೋರಿಯ ವೀರ್ಯವನ್ನೂ ಕೆಡಿಸಬಲ್ಲದು, ವಾಸಿಯಾದಂತೆ ಕಂಡ ಹೋರಿಯನ್ನೂ ಪರೀಕ್ಷೆ ಮಾಡಿಸಿಯೇ ಬಿಡಬೇಕು.

ಒಂದು ಹೋರಿ ನಮ್ಮಲ್ಲಿ ಇರುವುದು ಮೂರು ಹಂಗಾಮು ಮಾತ್ರ. ನಾಲ್ಕನೆಯದಕ್ಕೆ ಅದರ ಸ್ವಂತ ಮಕ್ಕಳೇ ಬೆದೆಗೆ ಬರುವ ವಯಸ್ಸಿಗೆ ಬಂದಿರುತ್ತವೆ. ಈಗಿನ ಹೋರಿಯ ಮೂರನೇ ಹಂಗಾಮು ಮುಗಿದಿದೆ. ಮುಂದಿನದನ್ನು ಹುಡುಕಲು ಕಾಕಾನೂ ನಾನೂ ಆಟಪಾಡಿ ಕಡೆ ಓಡಾಡುತ್ತಿದ್ದೇವೆ. ಖರಸುಂಡಿಯ ಜಾತ್ರೆಯಲ್ಲಿ ಹೋರಿ ನೋಡಿದರೂ ವ್ಯವಹಾರ ಮಾತಾಡುವುದು ಮಾಲೀಕರ ಮನೆಗೆ ಹೋಗಿ ತಾಯಿಯನ್ನು ಕಂಡ ಮೇಲೆಯೇ. ಒಂದು ಮನೆಯಲ್ಲಿ ಒಂದು ಗಿಡ್ಡ ಹಸು, ಕಾಲಬುಡದಲ್ಲಿ ಈ ವರ್ಷದ ಕರು. ಹೋದ ವರ್ಷದ್ದು ಆಚೆ ಗೂಟಕ್ಕೆ, ಅದರ ಹಿಂದಿನ ವರ್ಷದ ಗಂಡುಗರುವೇ ನಾವು ನೋಡಲು ಹೋದ ಹೋರಿ. ಮನೆಯ ಅಜ್ಜಿ ಆ ಹಸುವಿನ ಸೂಲುಗಳನ್ನು ಒಂದೊಂದಾಗಿ, ಯಾವ ಹಬ್ಬದ ಹಿಂದುಮುಂದು ಎಂದು ಹೇಳುತ್ತಾ ಹೋದರು. ಹೋರಿಯ ಅಳತೆ ನಮಗೆ ಒಪ್ಪಿಗೆಯಾಗಿದೆ. ರಕ್ತ ಪರೀಕ್ಷೆಯ ಫಲಿತಾಂಶ ಬರಬೇಕು, ಆಮೇಲೆ ಮೂರು ವಾರ ಬೇರೆ ಕಟ್ಟಬೇಕು. ಎಲ್ಲವೂ ಗಣಪತಿ ಹಬ್ಬದೊಳಗೆ ಮುಗಿದರೆ ಈ ಸಲದ ಹಂಗಾಮಿಗೆ ಅದನ್ನೇ ಬಿಡುತ್ತೇವೆ.