ಕ್ಯಾಲ್ಕುಲೇಟರಿನಲ್ಲಿ ಬಾಂಬರ್‌ಮ್ಯಾನ್: ಚಿತ್ರ ಬಿಟ್ಟೆ, ಆಟ ಉಳಿಸಿಕೊಂಡೆ

ಟಿಐ-84 ಪ್ಲಸ್ ಅಂದರೆ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್. 2004ರಲ್ಲಿ ಬಂದದ್ದು. ಅಮೆರಿಕದ ಹೈಸ್ಕೂಲುಗಳಲ್ಲಿ ಮಾಮೂಲಿ, ನಮ್ಮಲ್ಲಿ ಅಪರೂಪ. ಇಲ್ಲಿನ ಎಂಜಿನಿಯರಿಂಗ್ ಪರೀಕ್ಷೆಗಳಿಗೆ ಪ್ರೋಗ್ರಾಂ ಹಾಕುವಂಥ ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ, ಹಾಗಾಗಿ ಎಲ್ಲರ ಕೈಯಲ್ಲೂ ಕ್ಯಾಸಿಯೋ 991. ಟೆಕ್ಸಸ್‌ನಲ್ಲಿರುವ ನಮ್ಮಕ್ಕನ ದೊಡ್ಡ ಮಗ ಶಾಲೆ ಮುಗಿಸಿದ ಮೇಲೆ ಅವನದು ಸುಮ್ನೆ ಬಿದ್ದಿತ್ತು. ಅಕ್ಕ ಬಳ್ಳಾರಿಗೆ ಬಂದಾಗ ತಂದುಕೊಟ್ಟಳು. ಅದಕ್ಕೊಂದು ಆಟ ಬರೆಯೋಣ ಅನಿಸಿತು.

ಅದರೊಳಗಿರುವುದು ಜೆಡ್-80 ಪ್ರೊಸೆಸರ್, ಓಡುವುದು 15 ಮೆಗಾಹರ್ಟ್ಸ್‌ನಲ್ಲಿ. ಡಿಪ್ಲೊಮಾ ಹುಡುಗರಿಗೆ 8085 ಪ್ರೊಸೆಸರಿನ ಲ್ಯಾಬ್ ಮಾಡಿಸುವವನಿಗೆ ಇದಕ್ಕಿಂತ ಇನ್ನೇನು ಬೇಕು? ಎರಡೂ ಇಂಟೆಲ್ 8080ರ ವಂಶದವು. ನಾವು ಲ್ಯಾಬಿನ ಕಿಟ್ ಮೇಲೆ ಕೈಯಿಂದ ಒತ್ತುವ ಹೆಕ್ಸ್ ಕೋಡುಗಳಲ್ಲಿ (ಪ್ರೊಸೆಸರಿಗೆ ಕೊಡುವ ಆಜ್ಞೆಗಳ ಸಂಖ್ಯೆಗಳು) ಬಹುಪಾಲು ಇಲ್ಲೂ ಅವೇ. ಆದರೆ 20 ಮತ್ತು 30 ಅನ್ನುವ ಕೋಡುಗಳ ಹತ್ತಿರ ಹುಷಾರು. 8085ರಲ್ಲಿ ಅವು ರಿಮ್ ಮತ್ತು ಸಿಮ್ ಅನ್ನುವ ಆಜ್ಞೆಗಳು, ಜೆಡ್-80ರಲ್ಲಿ ಕೋಡಿನ ಬೇರೆ ಜಾಗಕ್ಕೆ ಹಾರಿಸುವ ಜಂಪ್‌ಗಳು.

ಯಾವ ಆಟ ಅಂತ ಜಾಸ್ತಿ ಯೋಚಿಸಲಿಲ್ಲ. ನಾವು ಚಿಕ್ಕವರಿದ್ದಾಗ ಟಿವಿಗೆ ಹಚ್ಚುವ ವಿಡಿಯೋ ಗೇಮ್ ಬಾಡಿಗೆಗೆ ಸಿಗುತ್ತಿತ್ತು, ಹಳದಿ ಕ್ಯಾಸೆಟ್ ಹಾಕಿ ಆಡುವುದು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು ಅವು. ಅದರಲ್ಲಿ ನಮ್ಮ ಓಣಿಯವರ ಅಚ್ಚುಮೆಚ್ಚಿನ ಆಟ ಬಾಂಬರ್‌ಮ್ಯಾನ್. ಬಾಂಬ್ ಇಟ್ಟು ಇಟ್ಟಿಗೆ ಒಡೆಯುವುದು, ವೈರಿಗಳನ್ನು ಸಾಯಿಸುವುದು. ಕಿತ್ತಳೆ ಬಣ್ಣದ ವೈರಿಗೆ ನಾವು ಬಲೂನು ಅಂತಿದ್ದೆವು, ನೀಲಿಯದಕ್ಕೆ ಉಳ್ಳಾಗಡ್ಡಿ. ಬಲೂನು ಪಾಪದ್ದು. ಉಳ್ಳಾಗಡ್ಡಿ ಬೆನ್ನು ಹತ್ತಿ ಬರುತ್ತಿತ್ತು.

ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಈ ಆಟದ ಅಂಗಳ ಅಗಲಕ್ಕೆ 31 ಮನೆ, ಎತ್ತರಕ್ಕೆ 13 ಮನೆ. ಒಡೆಯದ ಕಂಬಗಳು ಮನೆ ಬಿಟ್ಟು ಮನೆ ನಿಂತಿರುತ್ತವೆ, ಇಟ್ಟಿಗೆಗಳು ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತವೆ. ಅಂದರೆ ಒಂದೊಂದು ಹಂತದ ನಕ್ಷೆಯನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ಮನೆಗೊಂದು ಬೈಟ್ ಅಂದರೂ 403 ಬೈಟ್ ಸಾಕು. ಈ ಕ್ಯಾಲ್ಕುಲೇಟರಿನಲ್ಲಿ ಬಳಸಲು ಸಿಗುವ ರ‍್ಯಾಮ್ 24 ಕಿಲೋಬೈಟ್. ಆದರೆ ಒಂದು ಅಸೆಂಬ್ಲಿ (ಪ್ರೊಸೆಸರಿನ ಆಜ್ಞೆಗಳಲ್ಲೇ ಬರೆದ) ಪ್ರೋಗ್ರಾಂ 8 ಕಿಲೋಬೈಟ್ ದಾಟಿ ಸ್ವಲ್ಪ ದೂರ ಹೋದರೆ ಅದರಾಚೆಯ ಕೋಡ್ ಓಡುವುದಿಲ್ಲ. ಆದ್ದರಿಂದ ಚಿಕ್ಕದಾಗಿ ಬರೆಯಲೇಬೇಕು.

ಇಲ್ಲೊಂದು ಮಜಾ ಇದೆ. ಫ್ಯಾಮಿಕಾಮ್‌ನ ಪ್ರೊಸೆಸರ್ 1.79 ಮೆಗಾಹರ್ಟ್ಸ್, ರ‍್ಯಾಮ್ ಬರೀ 2 ಕಿಲೋಬೈಟ್. ಲೆಕ್ಕದಲ್ಲಿ ನಮ್ಮ ಕ್ಯಾಲ್ಕುಲೇಟರೇ ಜೋರು. ಆದರೂ ಸೋಲುತ್ತದೆ, ಯಾಕೆಂದರೆ ಫ್ಯಾಮಿಕಾಮ್‌ನಲ್ಲಿ ಚಿತ್ರಕ್ಕೇ ಅಂತ ಬೇರೆ ಚಿಪ್ ಇದೆ. ಚಿತ್ರ ಸರಿಸುವುದು, ಬೊಂಬೆಗಳನ್ನು (ಓಡಾಡುವ ಆಟಗಾರ, ವೈರಿಗಳ ಚಿತ್ರಗಳು) ಹಿನ್ನೆಲೆಯ ಮೇಲೆ ಕೂರಿಸುವುದು ಎಲ್ಲ ಅದರ ಪಾಲು. ಇಲ್ಲಿ ಆ ಕೂಲಿಯನ್ನೂ ಜೆಡ್-80ಯೇ ಮಾಡಬೇಕು. ಪರದೆಯ 96×64 ಚುಕ್ಕೆಗಳು ಅಂದರೆ 768 ಬೈಟ್. ಎಲ್‌ಸಿಡಿ ಡ್ರೈವರ್, ಅಂದರೆ ಪರದೆ ನಡೆಸುವ ಚಿಪ್, ಒಂದು ಬೈಟ್ ನುಂಗಲು ಸುಮಾರು 10 ಮೈಕ್ರೊಸೆಕೆಂಡ್ ಬೇಕು, ಅವಸರ ಮಾಡಿದರೆ ಚಿತ್ರ ಕೆಡುತ್ತದೆ. ಪರದೆ ಒಮ್ಮೆ ತುಂಬಲು ಹತ್ತಿರ ಹತ್ತಿರ 8 ಮಿಲಿಸೆಕೆಂಡ್ ಹೋಯಿತು. ಪ್ರೊಸೆಸರ್ ಎಷ್ಟೇ ಜೋರಾಗಿದ್ದರೂ ಈ ಕಾಯುವಿಕೆ ತಪ್ಪುವುದಿಲ್ಲ.

ಈಗ ನಿಜವಾದ ಪ್ರಶ್ನೆ. ಟಿವಿಯಲ್ಲಿ 256×240 ಚುಕ್ಕೆಗಳಲ್ಲಿ ಕಾಣುತ್ತಿದ್ದುದನ್ನು ಇಷ್ಟು ಸಣ್ಣ ಕಿಟಕಿಗೆ ಇಳಿಸುವುದು ಹೇಗೆ? ಸುಲಭದ ದಾರಿ ಅಂದರೆ 16 ಚುಕ್ಕೆಯ ಮನೆಯನ್ನು 8ಕ್ಕೆ ಇಳಿಸುವುದು. ಎಂಟು ಚುಕ್ಕೆಗೆ ಒಂದು ಬೈಟ್, ಬಿಡಿಸುವುದೂ ಸಲೀಸು, ಬೊಂಬೆಯ ಮುಖವೂ ಚೆನ್ನಾಗಿ ಕಾಣುತ್ತದೆ. ಆದರೆ ಆಗ ಪರದೆಯಲ್ಲಿ ಕಾಣುವುದು 12×8 ಮನೆ ಮಾತ್ರ. ಟಿವಿಯಲ್ಲಿ 16×13 ಕಾಣುತ್ತಿತ್ತು. ಹಾಗೆ ಮಾಡಿ ಅಕ್ಕನ ಚಿಕ್ಕ ಮಗನಿಗೆ ಆಡಲು ಕೊಟ್ಟೆ. ಎರಡು ನಿಮಿಷಕ್ಕೇ ವಾಪಸ್ ಕೊಟ್ಟ. "ಮಾಮಾ, ಉಳ್ಳಾಗಡ್ಡಿ ಎಲ್ಲಿಂದ ಬಂತೋ ಗೊತ್ತೇ ಆಗಂಗಿಲ್ಲ, ಬಂದ ಕೂಡ್ಲೆ ಸಾಯ್ತೀನಿ."

ಅವನು ಹೇಳಿದ್ದೇ ಈ ಕೆಲಸದ ತಿರುಳು. ಬಾಂಬರ್‌ಮ್ಯಾನ್ ಅಂದರೆ ದೂರದಿಂದ ಬರುವ ವೈರಿಯನ್ನು ನೋಡಿ, ಅದು ಬರುವ ದಾರಿ ಊಹಿಸಿ, ಬಾಂಬ್ ಇಟ್ಟು ಮೂಲೆಗೆ ಸರಿಯುವ ಆಟ. ಆ ಯೋಚಿಸುವ ಸಮಯ ಹೋಯಿತು ಅಂದರೆ ಆಟವೇ ಹೋಯಿತು. ಹಳೆಯ ಆಟವನ್ನು ಸಣ್ಣ ಪರದೆಗೆ ತರುವವರು ಹೆಚ್ಚಾಗಿ ಮುಖ, ಟೋಪಿ, ಕಣ್ಣು ಉಳಿಸಲು ಒದ್ದಾಡುತ್ತಾರೆ. ನನ್ನ ಪ್ರಕಾರ ಅದನ್ನೇ ಮೊದಲು ಬಿಡಬೇಕು.

ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೊಂಡು ಕೂತೆ. 96ನ್ನು 16ರಿಂದ ಭಾಗಿಸಿದರೆ 6. ಅಗಲ ಸರಿಹೋಯಿತು. ಎತ್ತರಕ್ಕೆ ಮನೆಗೆ 5 ಚುಕ್ಕೆ ಅಂದರೆ 13 ಸಾಲಿಗೆ 65, ಇರುವುದು 64! ಆದರೆ ಮೇಲಿನ ಸಾಲು ಮತ್ತು ಕೆಳಗಿನ ಸಾಲು ಬರೀ ಗೋಡೆ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಅವೆರಡನ್ನೂ ಒಂದೊಂದು ಗೆರೆಗೆ ಇಳಿಸಿದೆ. ಉಳಿದ 11 ಸಾಲಿಗೆ 55, ಗೆರೆಗೆ 2, ಒಟ್ಟು 57. ಮಿಕ್ಕ 7 ಚುಕ್ಕೆಯಲ್ಲಿ ಸ್ಕೋರ್ ಮತ್ತು ಟೈಮು ಆರಾಮಾಗಿ ಕೂತವು. ಟಿವಿಯಲ್ಲಿ ಎಷ್ಟು ಮನೆ ಕಾಣುತ್ತಿತ್ತೋ ಅಷ್ಟೂ ಇಲ್ಲಿ ಕಾಣುತ್ತದೆ.

6 ಚುಕ್ಕೆಯ ಮನೆಗೆ ತೊಂದರೆ ಅಂದರೆ ಅದು ಬೈಟಿನ ಅಂಚಿಗೆ ಕೂರುವುದಿಲ್ಲ. ಪ್ರತಿ ಸಲ ಬಿಟ್‌ಗಳನ್ನು ಸರಿಸುತ್ತ ಕೂತರೆ ಜೆಡ್-80 ಏದುಸಿರು ಬಿಡುತ್ತದೆ. ಆದರೆ ಗಮನಿಸಿ: 0, 6, 12, 18. ಎಂಟರಿಂದ ಭಾಗಿಸಿದರೆ ಶೇಷ 0, 6, 4, 2. ಆಮೇಲೆ ಮತ್ತೆ 0. ನಾಲ್ಕೇ ಜಾಗ, ಎಲ್ಲವೂ ಸಮಸಂಖ್ಯೆ. ಅಡ್ಡಡ್ಡ ಚಲನೆಯನ್ನೂ ಎರಡೆರಡು ಚುಕ್ಕೆಗೆ ಕಟ್ಟಿಹಾಕಿದೆ, ಅಂಗಳ ಸರಿಯುವುದೂ ಹಾಗೆಯೇ. ಆಗ ಒಂದೊಂದು ಬೊಂಬೆಗೂ ಮೊದಲೇ ಸರಿಸಿಟ್ಟ ನಾಲ್ಕು ಪ್ರತಿ ಸಾಕು. ಪ್ರತಿಗೆ 5 ಸಾಲು, ಸಾಲಿಗೆ 2 ಬೈಟ್, ಒಟ್ಟು 40 ಬೈಟ್. ಹೆಜ್ಜೆ ಸ್ವಲ್ಪ ಕುಪ್ಪಳಿಸಿದ ಹಾಗೆ ಕಾಣುತ್ತದೆ, ಒಂದು ಮನೆಗೆ ಮೂರೇ ಹೆಜ್ಜೆ. ಮೇಲೆ ಕೆಳಗೆ ಹೋಗುವಾಗ ಹೆಜ್ಜೆಗೆ 2, 1, 2 ಚುಕ್ಕೆ. ಆದರೆ ಒಂದು ಮನೆ ದಾಟಲು ಹಿಡಿಯುವ ಸಮಯವನ್ನು ಮೂಲದ ಹಾಗೇ ಇಟ್ಟೆ. ಚುಕ್ಕೆ ಲೆಕ್ಕದಲ್ಲಿ ವೇಗ ಹೊಂದಿಸುವವರು ಇಲ್ಲೇ ಎಡವುತ್ತಾರೆ.

ಬಾಂಬಿನ ಬೆಂಕಿ ಇನ್ನೊಂದು ಬಾಂಬಿಗೆ ತಗುಲಿದರೆ ಅದೂ ಸಿಡಿಯಬೇಕಲ್ವಾ? ಸಿಡಿಸುವ ರೂಟೀನು (ಆ ಕೆಲಸ ಮಾಡುವ ಕೋಡಿನ ತುಂಡು) ತನ್ನನ್ನೇ ಮತ್ತೆ ಕರೆದುಕೊಂಡರೆ ಸ್ಟ್ಯಾಕ್, ಅಂದರೆ ಎಲ್ಲಿಗೆ ವಾಪಸ್ ಹೋಗಬೇಕು ಅಂತ ಗುರುತಿಡುವ ಮೆಮೊರಿ, ಬೆಳೆಯುತ್ತ ಹೋಗುತ್ತದೆ. ಅದರ ಬದಲು ಬೆಂಕಿ ತಗುಲಿದ ಬಾಂಬು ಸಿಡಿಯಲು ಉಳಿದ ಸಮಯ ಎಣಿಸುವ ಕೌಂಟರನ್ನು 1ಕ್ಕೆ ಇಳಿಸಿಬಿಟ್ಟೆ. ಮುಂದಿನ ಸುತ್ತಿಗೆ ತಾನಾಗಿಯೇ ಸಿಡಿಯುತ್ತದೆ. ಸಾಲಾಗಿ ಇಟ್ಟ ಬಾಂಬುಗಳು ಒಂದರ ಹಿಂದೆ ಒಂದು ಢಂ ಅನ್ನುವುದು ನೋಡಲೂ ಚೆಂದ.

ಬಣ್ಣ ಇಲ್ಲದೆ ಬಲೂನು, ಉಳ್ಳಾಗಡ್ಡಿ ಬೇರೆ ಮಾಡುವುದು ಕಷ್ಟವೇನಲ್ಲ. ಬಲೂನಿಗೆ ಬರೀ ಅಂಚು, ಉಳ್ಳಾಗಡ್ಡಿಗೆ ಒಳಗೆಲ್ಲ ಕಪ್ಪು, ಮೇಲೊಂದು ಚುಕ್ಕೆಯ ಜುಟ್ಟು. ಇಟ್ಟಿಗೆಗೆ ಮಾತ್ರ ಬೂದು ಬಣ್ಣ ಬೇಕು ಅನಿಸಿತ್ತು. ಕಪ್ಪು ಬಿಳುಪು ಪರದೆಯಲ್ಲಿ ಬೂದು ತರಲು ಹಳೆಯ ಉಪಾಯವೊಂದಿದೆ: ಎರಡು ಚಿತ್ರಗಳನ್ನು ಬೇಗ ಬೇಗ ಅದಲುಬದಲು ತೋರಿಸುವುದು. ಕಾಲೇಜಿನ ಎಸಿ ಲ್ಯಾಬಿನಲ್ಲಿ ಬೂದು ಗಟ್ಟಿಯಾಗಿ ನಿಂತಿತು. ಕೌಲ್ ಬಜಾರಿನ ನಮ್ಮ ಮನೆಯಲ್ಲಿ, ಏಪ್ರಿಲ್ ಮಧ್ಯಾಹ್ನ, ಅದೇ ಇಟ್ಟಿಗೆ ಪಟಪಟ ಮಿನುಗತೊಡಗಿತು. ಕಾಯ್ದಷ್ಟೂ ಲಿಕ್ವಿಡ್ ಕ್ರಿಸ್ಟಲ್ ತೆಳುವಾಗಿ ಬೇಗ ತಿರುಗುತ್ತದೆ, ಹಾಗಾಗಿ ಒಂದು ಚಿತ್ರ ಇನ್ನೊಂದರಲ್ಲಿ ಬೆರೆಯುವುದಿಲ್ಲ. ಇಡೀ ಪರದೆಯೂ ಕಪ್ಪಿಡುತ್ತದೆ. 2nd ಅಂತ ಬರೆದ ಸೆಕೆಂಡ್ ಗುಂಡಿ ಒತ್ತಿ ಕೆಳಬಾಣ ಒತ್ತಿ ಕಾಂಟ್ರಾಸ್ಟ್ ಇಳಿಸಬೇಕು. ಬಳ್ಳಾರಿ ಬಿಸಿಲನ್ನು ಗೆಲ್ಲುವವರು ಯಾರು? ಬೂದು ಬಿಟ್ಟು ಇಟ್ಟಿಗೆಗೆ ಚುಕ್ಕೆ ಚುಕ್ಕೆ ವಿನ್ಯಾಸ ಹಾಕಿದೆ.

ಗುಂಡಿಗಳದು ಸಣ್ಣ ಕಥೆ. ಆಪರೇಟಿಂಗ್ ಸಿಸ್ಟಮ್ ಕೊಡುವ ಕೀ ರೂಟೀನು ಒಂದು ಸಲಕ್ಕೆ ಒಂದೇ ಗುಂಡಿ ಹೇಳುತ್ತದೆ. ಓಡುತ್ತಲೇ ಬಾಂಬ್ ಇಡಲು ಅದು ಬರುವುದಿಲ್ಲ. ಗುಂಡಿಗಳು ಗುಂಪು ಗುಂಪಾಗಿವೆ. ಪ್ರೊಸೆಸರ್ ಅವುಗಳನ್ನು ಓದುವ ದಾರಿಯಾದ ಪೋರ್ಟ್ 1ಕ್ಕೆ ಗುಂಪಿನ ಸಂಖ್ಯೆ ಬರೆದು, ಅದನ್ನೇ ಓದಬೇಕು. ಒತ್ತಿದ ಗುಂಡಿಯ ಬಿಟ್ 0 ಆಗಿರುತ್ತದೆ. ನಾಲ್ಕು ಬಾಣವೂ ಒಂದೇ ಗುಂಪಿನಲ್ಲಿವೆ, ಅದೊಂದು ಪುಣ್ಯ. ಬಾಂಬಿಗೆ ಸೆಕೆಂಡ್ ಗುಂಡಿ ಕೊಟ್ಟೆ. ಅದು ಎಡಗಡೆ, ಬಾಣಗಳು ಬಲಗಡೆ. ಕ್ಯಾಸೆಟ್ ಗೇಮಿನಲ್ಲಿ ಇದು ಉಲ್ಟಾ ಇತ್ತು. ನನ್ನ ವಯಸ್ಸಿನವರು ಮೊದಲ ಹತ್ತು ನಿಮಿಷ ತಮ್ಮ ಬಾಂಬಿಗೆ ತಾವೇ ಸಾಯುತ್ತಾರೆ. ಹುಡುಗರಿಗೆ ಏನೂ ಅನಿಸುವುದಿಲ್ಲ.

ಯಾರಾದರೂ ಮಾಡಿ ನೋಡುವುದಾದರೆ ಮೊದಲು ವ್ಯಾಬಿಟ್‌ಎಮು ಎಮ್ಯುಲೇಟರಿನಲ್ಲಿ (ಕಂಪ್ಯೂಟರಿನಲ್ಲೇ ಕ್ಯಾಲ್ಕುಲೇಟರಿನ ಹಾಗೆ ನಡೆಯುವ ಸಾಫ್ಟ್‌ವೇರ್) ಓಡಿಸಿ, ಆಮೇಲೆ ಕ್ಯಾಲ್ಕುಲೇಟರಿಗೆ ಹಾಕಿ. ಪ್ರೋಗ್ರಾಂ ದಾರಿ ತಪ್ಪಿದರೆ ರ‍್ಯಾಮ್ ಪೂರ್ತಿ ಅಳಿಸಿಹೋಗುತ್ತದೆ. ಉಳಿಸಿಕೊಳ್ಳಬೇಕಾದ್ದನ್ನು ಆರ್ಕೈವ್‌ಗೆ ಸೇರಿಸಿಡಿ, ಅದು ಫ್ಲಾಶ್ ಮೆಮೊರಿ. ಶಬ್ದ ನಾನಿನ್ನೂ ಹಾಕಿಲ್ಲ. ಕ್ಯಾಲ್ಕುಲೇಟರಿನಲ್ಲಿ ಸ್ಪೀಕರ್ ಇಲ್ಲ, ಆದರೆ ಎರಡು ಕ್ಯಾಲ್ಕುಲೇಟರ್ ಜೋಡಿಸುವ 2.5 ಮಿಲಿಮೀಟರ್ ಪೋರ್ಟ್ ಇದೆ. ಅದರ ತಂತಿಗಳನ್ನು ಬೇಗ ಬೇಗ ಆನ್ ಆಫ್ ಮಾಡಿದರೆ ಇಯರ್‌ಫೋನಿನಲ್ಲಿ ಕೀರಲು ಸದ್ದು ಬರುತ್ತದೆ. ಅದಕ್ಕಿಂತ ಅದೇ ಪೋರ್ಟಿನಿಂದ ಇಬ್ಬರು ಆಡುವ ಹಾಗೆ ಮಾಡು ಅಂತ ಅಕ್ಕನ ಮಗನ ಬೇಡಿಕೆ. ಸದ್ಯ ಇನ್ನೊಂದು ಕ್ಯಾಲ್ಕುಲೇಟರ್ ಹುಡುಕುತ್ತಿದ್ದೇನೆ.